ಮುಪ್ಪು, ಮಧುಮೇಹ ಮತ್ತು ಕಾಯದ ತೂಕ

ಶರಣಧರ್ಮವು ಕಾಯವನ್ನು ಹೀಗಳೆದುದಿಲ್ಲ. ಇಷ್ಟಲಿಂಗವನ್ನು ಧರಿಸುವುದೂ ಈ ಕಾಯವೇ, ಕಾಯಕ ಮಾಡಿ ದಾಸೋಹಕ್ಕೆ ಸಲ್ಲಿಸುವುದೂ ಈ ಕಾಯವೇ. ಆದುದರಿಂದ ಮುಪ್ಪಿನಲ್ಲಿ ಇದನ್ನು ಜೋಪಾನ ಮಾಡುವುದು ಭಕ್ತನ ಕರ್ತವ್ಯಗಳಲ್ಲೊಂದೆಂದು ನಾನು ಭಾವಿಸಿದ್ದೇನೆ. ಶ್ರೀಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಉಂಡು ಬೆಳೆದವರಲ್ಲಿ ಅನೇಕರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಹಲವರಿಗೆ ನನ್ನಂತೆಯೇ ಮಧುಮೇಹವಿದೆ. ನಮ್ಮಲ್ಲಿ ತೂಕ ಇಳಿದವನನ್ನು ಎಲ್ಲರೂ ಅಭಿನಂದಿಸುವುದು ರೂಢಿ. ವೈದ್ಯರ ಸಲಹೆಯಂತೆ ಉಣಿಸನ್ನು ಮಿತಗೊಳಿಸಿ ಐದು ಕಿಲೋ ಇಳಿದ ನನಗೂ ಅಂತಹ ಅಭಿನಂದನೆಗಳು ದೊರೆತುವು.

ಆದರೆ ಅದೇ ದಿನಗಳಲ್ಲಿ ಗದ್ದುಗೆಯ ಪ್ರದಕ್ಷಿಣೆ ಮಾಡುವಾಗ ಮೀನಖಂಡ ಹಿಡಿದುಕೊಳ್ಳತೊಡಗಿತು. ನಿಂತರೆ ನೋವು ಕಳೆಯುತ್ತಿತ್ತು, ನಡೆದರೆ ಮರಳುತ್ತಿತ್ತು. ವೈದ್ಯರು ತೋಳಿನಲ್ಲಿಯೂ ಕಾಲಿನ ಹರಡಿನಲ್ಲಿಯೂ ರಕ್ತದೊತ್ತಡವನ್ನು ಅಳೆದರು. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳಗಳು ಕಿರಿದಾಗಿವೆಯೆಂದು ತಿಳಿಯುತ್ತಾರೆ. ನನ್ನದು 0.7 ಇದ್ದಿತು. ಬಹುಕಾಲದ ಮಧುಮೇಹದಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಈ ಅಂಕಿ 1.4ನ್ನು ಮೀರುವುದೂ ಉಂಟು; ಅದೂ ಆರೋಗ್ಯದ ಗುರುತಲ್ಲ.

ತೂಕ ಇಳಿದರೂ ನಾಳಗಳು ಹೀಗೇಕೆ? ಅಮೆರಿಕದಲ್ಲಿ 2001ರಲ್ಲಿ ಆರಂಭವಾದ 'ಲುಕ್ ಅಹೆಡ್' ಎಂಬ ಅಧ್ಯಯನದಲ್ಲಿ 5,145 ಸ್ಥೂಲಕಾಯದ ಮಧುಮೇಹಿಗಳಿದ್ದರು. ಪಥ್ಯ ವ್ಯಾಯಾಮಗಳಿಂದ ತೂಕ ಇಳಿಸಿದವರಲ್ಲಿ ಸಕ್ಕರೆಯ ಹತೋಟಿಯೂ ನಡೆದಾಡುವ ಶಕ್ತಿಯೂ ಉತ್ತಮಗೊಂಡವು. ಹೃದಯಾಘಾತ, ಪಾರ್ಶ್ವವಾಯುಗಳು ಮಾತ್ರ ಇನ್ನೊಂದು ಗುಂಪಿಗಿಂತ ಗಣನೀಯವಾಗಿ ಕಡಿಮೆಯಾಗಲಿಲ್ಲವೆಂದು 2013ರಲ್ಲಿ ಪ್ರಕಟವಾಯಿತು. ನಾಳಗಳನ್ನು ಕೆಡಿಸುವವು ಹಲವು: ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ತಂಬಾಕು. ತಕ್ಕಡಿಯೊಂದೇ ಇವೆಲ್ಲಕ್ಕೂ ಸಾಕ್ಷಿ ಹೇಳಲಾರದು.

ಮೇಲಾಗಿ ವೃದ್ಧರು ಇಳಿದಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ನನ್ನ ತೊಡೆಗಳು ಸೊರಗಿದ್ದವು, ಹೊಟ್ಟೆಯ ಸುತ್ತಳತೆ ಮಾತ್ರ 94 ಸೆಂಟಿಮೀಟರ್ ಇದ್ದಿತು. ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮಿತಿಯೆಂದು ವೈದ್ಯರು ಹೇಳುತ್ತಾರೆ.

ಈಗ ನಾನು ಔಷಧಿಗಳೊಡನೆ ನಿತ್ಯವೂ ನಡೆಯುತ್ತೇನೆ. ನೋವು ಬಲವಾಗುವವರೆಗೆ ನಡೆದು, ನಿಂತು, ಅದು ಕಳೆದ ಮೇಲೆ ಮತ್ತೆ ನಡೆಯುವುದೇ ಈ ವ್ಯಾಧಿಗೆ ಹೇಳಿದ ಕ್ರಮ. ಕೆಲವು ತಿಂಗಳುಗಳಲ್ಲಿ ನಿಲ್ಲದೆ ನಡೆಯುವ ದೂರ ಹೆಚ್ಚಿದೆ. ಊಟದಲ್ಲಿ ಅನ್ನ ಕಡಿಮೆಯಾಗಿ ಹೆಸರು, ಹುರುಳಿ, ಮಜ್ಜಿಗೆ ಹೆಚ್ಚಿವೆ. ಪ್ರಸಾದವನ್ನು ಚೆಲ್ಲುವುದು ನಮಗೆ ಸಲ್ಲದು. ಆದುದರಿಂದ ಪಂಕ್ತಿಯಲ್ಲಿ ಬಡಿಸುವಾಗಲೇ ಸಾಕೆಂದು ಕೈಮುಗಿಯುತ್ತೇನೆ. ಸಿಹಿಯನ್ನು ಕಣದಷ್ಟು ಸ್ವೀಕರಿಸಿದರೂ ಅದು ಪ್ರಸಾದವೇ.

ಸಮವಯಸ್ಕರಾದ ಭಕ್ತಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಯತ್ನವಿಲ್ಲದೆ ತೂಕ ಇಳಿದರೆ ಸಂತೋಷಪಡದೆ ವೈದ್ಯರಲ್ಲಿಗೆ ಹೋಗಿರಿ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅವರನ್ನು ಕೇಳದೆ ಉಪವಾಸ ಮಾಡಬೇಡಿರಿ. ವರ್ಷಕ್ಕೊಮ್ಮೆಯಾದರೂ ಪಾದದ ನಾಡಿಯನ್ನು ಪರೀಕ್ಷಿಸಿಕೊಳ್ಳಿರಿ. ಬೇಸಗೆಯಲ್ಲಿ ಮಠದ ಅಂಗಳದ ಕಲ್ಲು ಸುಡುತ್ತದೆ, ಮಧುಮೇಹಿಯ ಅಂಗಾಲಿಗೆ ಅದು ತಿಳಿಯದೆ ಹೋಗಬಹುದು. ಮನೆಗೆ ಬಂದೊಡನೆ ಅಂಗಾಲನ್ನು ನೋಡಿಕೊಳ್ಳಿರಿ. ಸಣ್ಣ ಗಾಯವನ್ನೂ ಅಲಕ್ಷಿಸಬೇಡಿರಿ. ರಕ್ತ ಸಾಲದ ಪಾದದಲ್ಲಿ ಅದು ಮಾಯುವುದು ನಿಧಾನ, ಕೊನೆಗೆ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿಯೂ ಬರಬಹುದು.