ಪ್ರಯಾಣದ ಪಟ್ಟಿ



ನಮ್ಮ ಸೋಮನೂರಿನಲ್ಲಿ ಮಗ್ಗದ ಸದ್ದು ನಿಂತರೆ ಜನರಿಗೆ ನಿದ್ದೆ ಬರುವುದಿಲ್ಲ. ಪವರ್‌ಲೂಮ್ ಓಡಿದರೆ ಮಾತ್ರ ಇಲ್ಲಿ ಒಲೆ ಉರಿಯುತ್ತದೆ. ನೂಲು ಕೊಡುವವರು ಬೇರೆ, ನೇಯುವವರು ಬೇರೆ, ನೇಯ್ದಷ್ಟಕ್ಕೆ ಕೂಲಿ. 2022ರ ಆರಂಭದಲ್ಲಿ ಕೂಲಿ ಏರಿಕೆಗಾಗಿ ಮಗ್ಗಗಳು ವಾರಗಟ್ಟಲೆ ನಿಂತದ್ದನ್ನು ಇಲ್ಲಿಯ ಮಕ್ಕಳೂ ಮರೆತಿಲ್ಲ. ಇಂತಹ ಊರಿನಲ್ಲಿ ಮೂರು ದಿನ ಎಲ್ಲರೂ ಒಟ್ಟಾಗಿ ಪ್ರವಾಸ ಹೋಗೋಣ ಎನ್ನುವುದು ಸುಲಭದ ಮಾತಲ್ಲ.

ಆದರೂ ನಮ್ಮ ಆರು ಕನ್ನಡ ಕುಟುಂಬಗಳು ಆ ಮಾತನ್ನು ಎತ್ತಿವೆ. ಒಂದು ವ್ಯಾನು ಗೊತ್ತುಮಾಡಿಕೊಂಡು, ಪಾತ್ರೆ, ಅಕ್ಕಿ, ಒಲೆ ಜೊತೆಗಿಟ್ಟುಕೊಂಡು ದಿಂಬಂ ಘಾಟಿ ಹತ್ತಿ, ಚಾಮರಾಜನಗರದ ಮೇಲೆ ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ, ಅಲ್ಲಿಂದ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಹೋಗಿಬರುವುದು ನಮ್ಮ ಆಸೆ. ಮೈಸೂರಿನವರೆಗೆ ಸುಮಾರು 200 ಕಿ.ಮೀ. ಹೀಗೆ ಅಡುಗೆ, ಹಾಸಿಗೆ ಎಲ್ಲವನ್ನೂ ಹೊತ್ತುಕೊಂಡು ಹೊರಡುವುದು ನಮ್ಮೆಲ್ಲರಿಗೂ ಇದೇ ಮೊದಲು.

ಇದೇ ಸಮಯದಲ್ಲಿ ನಮ್ಮ ಪೈಕಿಯ ಒಬ್ಬ ಅಜ್ಜಿಯ ಮೊಮ್ಮಗ ಮತ್ತು ಅವನ ಹೆಂಡತಿ ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಇನ್ನೊಂದು ಮೊದಲ ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದಾರೆ. ಅವರದು ಕ್ಯಾರವಾನ್ ಪ್ರಯಾಣ. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಪುಟ್ಟ ಮನೆ. ಒಳಗೇ ಮಂಚ, ಒಲೆ, ನೀರಿನ ಟ್ಯಾಂಕು. ಅವರು ಹೋಗುವುದು ಆ ದೇಶದ ನಡುವಿನ ಕೆಂಪು ಮಣ್ಣಿನ ಬರಡು ಸೀಮೆಗೆ. ಅದನ್ನು ಔಟ್‌ಬ್ಯಾಕ್ ಎನ್ನುತ್ತಾರೆ. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣಕ್ಕೇ ಸುಮಾರು 1,500 ಕಿ.ಮೀ. ನಡುವೆ ಕೂಬರ್ ಪೀಡಿ ಎಂಬ ಓಪಲ್ ಕಲ್ಲಿನ ಗಣಿಯೂರು ಸಿಗುತ್ತದೆ. ಬಿಸಿಲಿನ ಝಳ ತಾಳಲಾರದೆ ಅಲ್ಲಿ ಅನೇಕರು ನೆಲದಡಿಯಲ್ಲಿ ಮನೆ ಕೊರೆದುಕೊಂಡಿದ್ದಾರೆ. ಸಂತ ಪೇತ್ರ ಮತ್ತು ಪೌಲರ ಹೆಸರಿನ ನಮ್ಮ ಕಥೋಲಿಕ ದೇವಾಲಯವೂ ಅಲ್ಲಿ ನೆಲದಡಿಯಲ್ಲೇ ಇದೆ.

ಮೊಮ್ಮಗ ತನ್ನ ಸಿದ್ಧತೆಯ ಪಟ್ಟಿಯನ್ನು ಅಜ್ಜಿಯ ಫೋನಿಗೆ ಕಳಿಸಿದ. ಅಜ್ಜಿ ಅದನ್ನು ನಮ್ಮ ಮುಂದೆ ಹಿಡಿದು, "ನೋಡಿ ಸ್ವಾಮಿ, ಇಬ್ಬರು ಹೋಗೋಕೆ ಇಷ್ಟು ತಲೆನೋವು!" ಎಂದರು. ಎಲ್ಲರೂ ನಕ್ಕೆವು. ಓದುತ್ತಾ ಹೋದಂತೆ, ಆ ಪಟ್ಟಿಯಲ್ಲಿ ನಮಗೂ ಪಾಠವಿದೆ ಎನ್ನಿಸಿತು.

ಮೊದಲನೆಯದು ಕಾಲ. ಅಲ್ಲಿ ಕ್ರಿಸ್ಮಸ್ ಬರುವುದೇ ಕಡುಬೇಸಿಗೆಯಲ್ಲಿ. ಆಗ ಒಳನಾಡಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ ಹೋಗಿಬರುತ್ತಾರೆ. ನಮಗೆ ಕಾಲ ಹೇಳುವುದು ಬಿಸಿಲಲ್ಲ, ಮಗ್ಗ. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೇ ದೋರನಹಳ್ಳಿಗೆ ಹೋಗಬೇಕೆಂದು ಕೆಲವರ ಆಸೆಯಿತ್ತು. ಆದರೆ ಆಗ ಮೂರು ದಿನದ ಕೂಲಿ ಹೋಗುತ್ತದೆ. ಪೊಂಗಲ್ ರಜೆಯಲ್ಲಿ ಮಗ್ಗಕ್ಕೂ ಬಿಡುವು. ಹಾಗಾಗಿ ಪೊಂಗಲ್ ಎಂದೇ ಗೊತ್ತಾಯಿತು.

ಎರಡನೆಯದು ಹೊತ್ತು. ಔಟ್‌ಬ್ಯಾಕ್‌ನಲ್ಲಿ ಸಂಜೆಗತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎನ್ನುತ್ತಾರೆ. ಕಾಂಗರೂಗಳು ರಸ್ತೆಗೆ ಹಾರುತ್ತವೆ. ಎದುರಿಗೆ 53 ಮೀಟರ್ ಉದ್ದದವರೆಗಿನ ಸಾಲು ಲಾರಿಗಳೂ ಬರುತ್ತವೆ. ನಮ್ಮ ದಾರಿಯಲ್ಲಿ ಕಾಂಗರೂ ಇಲ್ಲ, ಆನೆ ಇದೆ! ಬಣ್ಣಾರಿ ದಾಟಿದರೆ ಸತ್ಯಮಂಗಲ ಕಾಡು. 2013ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಾಸನೂರಿನ ಕಡೆ ಕಬ್ಬಿನ ಲಾರಿ ಕಾಯುತ್ತಾ ಆನೆಗಳು ರಸ್ತೆಯಲ್ಲೇ ನಿಲ್ಲುತ್ತವೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. "ರಾತ್ರಿ ಮೂರಕ್ಕೇ ಹೊರಟರೆ ಒಂದು ದಿನ ಉಳಿಯುತ್ತದೆ" ಎಂದ ಯುವಕರು ಇದನ್ನು ಕೇಳಿ ಸುಮ್ಮನಾದರು. ಬೆಳಕಿನಲ್ಲೇ ಕಾಡು ದಾಟುವುದು, ಕಾಡಿನೊಳಗೆ ಎಲ್ಲೂ ಇಳಿಯದಿರುವುದು, ಒಲೆ ಹಚ್ಚದಿರುವುದು ಎಂದು ಬರೆದುಕೊಂಡೆವು.

ಮೂರನೆಯದು ಭಾರ. ಕ್ಯಾರವಾನಿನಲ್ಲಿ ಇಷ್ಟೇ ತೂಕ ಹೇರಬಹುದೆಂಬ ಕಟ್ಟುನಿಟ್ಟಿದೆ. ನೂರು ಲೀಟರ್ ನೀರು ತುಂಬಿದರೆ ಅದೇ ನೂರು ಕೆ.ಜಿ. ಆದರೆ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರವಿರುವ ಕಡೆ ನೀರು ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಬೇರೆ ಸಾಮಾನನ್ನು ಒಂದೊಂದಾಗಿ ಇಳಿಸುತ್ತಿದ್ದೇನೆ ಎಂದು ಮೊಮ್ಮಗ ಬರೆದಿದ್ದ.

ನಮ್ಮ ನಿಜವಾದ ಕಷ್ಟ ಎದುರಾದದ್ದು ಇಲ್ಲಿಯೇ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ವಯಸ್ಸಾದವರಿಗೆ ತಲೆ ಸುತ್ತುತ್ತದೆ, ದಾರಿಯಲ್ಲಿ ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ಇನ್ನೊಮ್ಮೆ ಹತ್ತಿರದ ಊರು ತೋರಿಸೋಣ ಎಂಬ ಮಾತು ಬಂತು. ಹೇಳಿದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಹೆದರಿಕೆಯಿತ್ತು. ಅಜ್ಜಿಗೆ ಮಂಡಿನೋವು, ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್. ಅವರೇ ಎದ್ದು, "ನನ್ನಿಂದ ನಿಮಗೆಲ್ಲ ಯಾಕೆ ತೊಂದರೆ? ನೀವು ಹೋಗಿಬನ್ನಿ. ನನ್ನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿಬಿಡಿ ಸ್ವಾಮಿ, ಸಾಕು" ಎಂದರು. ಯಾರೂ ಮಾತಾಡಲಿಲ್ಲ.

ಆಗ ನಮಗೆ ಸಂತ ಲೂಕರ ಶುಭಸಂದೇಶದ ಒಂದು ಪ್ರಸಂಗ ನೆನಪಿಗೆ ಬಂತು. ಹನ್ನೆರಡು ವರ್ಷದ ಯೇಸುವನ್ನು ಕರೆದುಕೊಂಡು ಜೋಸೆಫರೂ ಮರಿಯಮ್ಮನವರೂ ಜೆರುಸಲೇಮಿಗೆ ಹೋಗಿದ್ದರು. ಹಿಂದಿರುಗುವಾಗ ಮಗ ಯಾತ್ರಿಕರ ಗುಂಪಿನಲ್ಲೇ ಎಲ್ಲೋ ಇರಬೇಕೆಂದು ತಿಳಿದು ಒಂದು ದಿನದ ದಾರಿ ನಡೆದರು. ಕ್ಯಾರವಾನ್ ಎಂಬ ಮಾತಿನ ಹಳೆಯ ಅರ್ಥವೂ ಅದೇ, ಒಟ್ಟಾಗಿ ದಾರಿ ಸಾಗುವ ಜನ. ಮಗ ಇಲ್ಲವೆಂದು ತಿಳಿದ ಮೇಲೆ ಅವರು ಮುಂದೆ ಸಾಗಲಿಲ್ಲ, ಹಿಂದಕ್ಕೆ ಹೋಗಿ ಹುಡುಕಿದರು. ಒಬ್ಬರನ್ನು ಬಿಟ್ಟು ಬೇಗ ಮನೆ ಸೇರುವುದು ಆ ಕುಟುಂಬಕ್ಕೆ ಪ್ರಯಾಣವೇ ಆಗಿರಲಿಲ್ಲ.

ಇದನ್ನು ಹೇಳಿದಾಗ ಒಬ್ಬ ತಾಯಿ, "ಹಾಗಾದರೆ ಸಾಮಾನು ಇಳಿಸೋಣ, ಜನ ಬೇಡ" ಎಂದರು. ತೀರ್ಮಾನ ಅಲ್ಲಿಗೆ ಮುಗಿಯಿತು. ದೊಡ್ಡ ಸ್ಪೀಕರ್ ಮತ್ತು ಎರಡು ದೊಡ್ಡ ಪಾತ್ರೆಗಳು ಪಟ್ಟಿಯಿಂದ ಹೋದವು. ಆ ಜಾಗಕ್ಕೆ ಮಡಚುವ ಗಾಲಿಕುರ್ಚಿ ಬಂತು. ಇನ್ಸುಲಿನ್‌ಗೆ ತಣ್ಣನೆಯ ಡಬ್ಬಿ. ಔಷಧಿ ಐಸಿಗೆ ನೇರವಾಗಿ ತಾಗಬಾರದು, ಬಟ್ಟೆ ಸುತ್ತಿಡಬೇಕು. ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಓಲಾಟ ಹೆಚ್ಚು, ಆದ್ದರಿಂದ ಹಿರಿಯರಿಗೆ ಮುಂದಿನ ಸಾಲು. ಇಳಿದಾಗ ಹತ್ತಿದಾಗಲೆಲ್ಲಾ ತಲೆ ಎಣಿಕೆ. ಊರಿನಲ್ಲಿ ಉಳಿಯುವ ಒಬ್ಬರಿಗೆ ನಮ್ಮ ದಾರಿ, ತಂಗುವ ಜಾಗ, ಸಮಯವನ್ನು ಬರೆದುಕೊಡುವುದು. ಈ ಕೊನೆಯದು ಮೊಮ್ಮಗನ ಪಟ್ಟಿಯಿಂದ ಪಡೆದದ್ದು. ಫೋನ್ ಸಿಗದ ಸೀಮೆಯಲ್ಲಿ ಹಾಗೆ ಮಾಡುತ್ತಾರಂತೆ.

ಹಣದ ವಿಷಯಕ್ಕೂ ದಾರಿ ಸಿಕ್ಕಿತು. ತಿಂಗಳು ತಿಂಗಳು ಮುಚ್ಚಿದ ಲಕೋಟೆಯಲ್ಲಿ ಕೈಲಾದಷ್ಟು ಹಾಕುವುದು. ಯಾರು ಎಷ್ಟು ಹಾಕಿದರೆಂದು ಕೇಳುವಂತಿಲ್ಲ.

ಪ್ರಿಯರೇ, ನಿಮ್ಮಲ್ಲಿಯೂ ಯಾರಾದರೂ ಪ್ರವಾಸ, ಯಾತ್ರೆ ಹೊರಡುವವರಿರಬಹುದು. ನಮ್ಮದೊಂದು ವಿನಂತಿ. ಪಟ್ಟಿ ಬರೆಯುವಾಗ ಸಾಮಾನಿಗೆ ಮೊದಲು ಹೆಸರುಗಳನ್ನು ಬರೆಯಿರಿ. "ನಾನು ಬರುವುದಿಲ್ಲ, ನೀವು ಹೋಗಿಬನ್ನಿ" ಎನ್ನುವವರ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಅವರಿಗೆ ಬರುವ ಆಸೆ ಇಲ್ಲದಿಲ್ಲ. ನಮಗೆ ಭಾರವಾಗಬಾರದೆಂಬ ಸಂಕೋಚ, ಅಷ್ಟೇ. ನಮ್ಮ ಅಜ್ಜಿ ಈಗ ದಿನಾ ಸಂಜೆ ದೇವಾಲಯದ ಸುತ್ತ ಎರಡು ಸುತ್ತು ನಡೆಯುತ್ತಿದ್ದಾರೆ. ಕೇಳಿದರೆ, "ಮಂಡಿಗೆ ಅಭ್ಯಾಸ ಮಾಡಿಸ್ತಿದ್ದೀನಿ ಸ್ವಾಮಿ" ಎನ್ನುತ್ತಾರೆ.