ಅಪರ್ಣಾ: ಎಲೆ ಮತ್ತು ಋಣ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯಲ್ಲಿ ಗುಣಸಂಧಿಯನ್ನು ಬೋಧಿಸುತ್ತಿದ್ದೆ. ಕರಿಹಲಗೆಯ ಮೇಲೆ ‘ಮಹಾ + ಋಷಿ = ಮಹರ್ಷಿ’, ‘ದೇವ + ಋಷಿ = ದೇವರ್ಷಿ’ ಎಂದು ಬರೆದಿದ್ದೆ. ಕೊನೆಯ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಹಾಗಾದರೆ ಅಪರ್ಣಾ ಎಂಬುದು ಅಪ ಮತ್ತು ಋಣ ಸೇರಿ ಆದ ಹೆಸರೇ?” ಎಂದು ಕೇಳಿದಳು. “ಅಲ್ಲ, ಅಲ್ಲಿರುವುದು ಪರ್ಣ, ಎಲೆ” ಎಂದು ನಕ್ಕುಬಿಟ್ಟೆ. ತರಗತಿಯೂ ನಕ್ಕಿತು. ಆಕೆ ಕುಳಿತಳು, ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ.

ನನ್ನ ಉತ್ತರಕ್ಕೆ ಆಧಾರವಿತ್ತು. ತಾನಾಗಿ ಉದುರಿದ ಎಲೆಯನ್ನು ತಿಂದು ಬದುಕುವುದೇ ತಪಸ್ಸಿನ ಪರಾಕಾಷ್ಠೆ. ಪಾರ್ವತಿ ಅದನ್ನೂ ತೊರೆದುದರಿಂದ ಅಪರ್ಣೆಯಾದಳೆಂದು ಕಾಳಿದಾಸನು ಕುಮಾರಸಂಭವದ 5ನೆಯ ಸರ್ಗದಲ್ಲಿ ಹೇಳುತ್ತಾನೆ. ಹರಿವಂಶದಲ್ಲಿ ಮೇನೆಗೆ ಮೂವರು ಹೆಣ್ಣುಮಕ್ಕಳು. ಏಕಪರ್ಣೆಗೆ ಒಂದು ಎಲೆ, ಏಕಪಾಟಲೆಗೆ ಒಂದು ಪಾಟಲ ಆಹಾರ; ಅಪರ್ಣೆಗೆ ಏನೂ ಇಲ್ಲ. ಮಗಳ ಉಪವಾಸವನ್ನು ಕಂಡು ನೊಂದ ತಾಯಿ ‘ಉ, ಮಾ’ (ಬೇಡವೇ, ಮಗಳೇ) ಎಂದಳು. ಅವಳೇ ಉಮೆಯೂ ಆದಳು. ಒಂದು ಹೆಸರಿನಲ್ಲಿ ಮಗಳ ಛಲ, ಇನ್ನೊಂದರಲ್ಲಿ ತಾಯಿಯ ಸಂಕಟ.

ಬಹುಕಾಲದ ಮೇಲೆ ಲಲಿತಾಸಹಸ್ರನಾಮಕ್ಕೆ 18ನೆಯ ಶತಮಾನದ ಭಾಸ್ಕರರಾಯರು ಬರೆದ ಸೌಭಾಗ್ಯಭಾಸ್ಕರ ವ್ಯಾಖ್ಯಾನವನ್ನು ಓದುವಾಗ ಬೆರಳು ನಿಂತಿತು. ಅಪರ್ಣಾ ಎಂದರೆ ಋಣವಿಲ್ಲದವಳು ಎಂಬ ಅರ್ಥವನ್ನು ಅವರೂ ಹೇಳಿದ್ದರು! ಅಷ್ಟೇ ಅಲ್ಲ, ನಿನ್ನ ನಾಮವನ್ನು ಜಪಿಸುವ ನನಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಈ ಹೆಸರನ್ನು ಹೇಗೆ ಹೊತ್ತಿದ್ದೀಯೆ ಎಂದು ದೇವಿಯನ್ನೇ ಕೆಣಕುವ ಭಾವವೂ ಅಲ್ಲಿದೆ.

ಎರಡೂ ಅರ್ಥಗಳಿಗೆ ವ್ಯಾಕರಣದ ಒಪ್ಪಿಗೆಯಿದೆ. ಒಂದರಲ್ಲಿ ನಿಷೇಧಾರ್ಥದ ‘ಅ’, ಇನ್ನೊಂದರಲ್ಲಿ ‘ಅಪ’ ಎಂಬ ಉಪಸರ್ಗ. ಯೋಚಿಸಿದರೆ ಅವು ದೂರದವೂ ಅಲ್ಲ. ಮರದಿಂದ ಉದುರಿದ ಎಲೆಯನ್ನೂ ಸ್ವೀಕರಿಸದವಳಿಗೆ ಯಾರ ಋಣ? ಕಾಳಿದಾಸನ ನಿರ್ವಚನವು ಪ್ರಸಿದ್ಧ, ಕಥೆಗೆ ಸಹಜ. ಆದರೆ ಪ್ರಸಿದ್ಧವಾದುದೇ ಏಕೈಕವಲ್ಲ. ಈ ಭೇದವನ್ನು ನಾನು ಮರೆತಿದ್ದೆ. ಯಾವ ವ್ಯಾಖ್ಯಾನವನ್ನೂ ಓದದ ಹುಡುಗಿ ಕರಿಹಲಗೆಯ ಎರಡು ಉದಾಹರಣೆಗಳಿಂದಲೇ ಪಂಡಿತರ ಅರ್ಥಕ್ಕೆ ತಲುಪಿದ್ದಳು.

ಆಕೆ ಈಗ ಎಲ್ಲಿರುವಳೋ ತಿಳಿಯದು. ಇಂದಿಗೂ ಗುಣಸಂಧಿಯ ಪಾಠದಲ್ಲಿ ಮೂರನೆಯ ಉದಾಹರಣೆಯಾಗಿ ‘ಅಪ + ಋಣ’ ಎಂದು ಬರೆದು, ಅದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ ಎಂದು ಹೇಳುತ್ತೇನೆ. ಋಣ ತೀರಿತೆಂದು ಮಾತ್ರ ಅನ್ನಿಸಿಲ್ಲ.