ಏಳು ಹಿಡಿ ಅನ್ನ

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಕರ್ತೃ, ಕರ್ಮ, ಕ್ರಿಯಾಪದ ಬಿಡಿಸಿ ಹೇಳುವುದರಲ್ಲಿ ನನ್ನ ಮುಂದೆ ಯಾರಿಲ್ಲ ಎಂಬ ಜಂಬವೂ ಇತ್ತು. ಹಾಗಿದ್ದೂ 2018ರ ಜುಲೈ ತಿಂಗಳ ಒಂದು ಮಧ್ಯಾಹ್ನ ನನ್ನ ಬಾಯಿಂದ ಬಂದ ಒಂದು ವಾಕ್ಯದಲ್ಲಿ ಕರ್ತೃ ತಪ್ಪಿತು. ಅದರಿಂದ ಒಬ್ಬ ಮನುಷ್ಯನ ಜೀವ ಹೋಗಬಹುದಿತ್ತು. ಹೋಗಲಿಲ್ಲ. ಹೋಗದೆ ಉಳಿದದ್ದು ನನ್ನಿಂದಲ್ಲ.

ಆಗ ನಾನು ಕಂಪ್ಲಿ ಸುತ್ತಿನ ಒಂದು ಹಳ್ಳಿಯ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕ. ಊರಿನ ಹೆಸರು ಬೇಡ, ತಪ್ಪು ಊರಿನದಲ್ಲ. ಮನೆ ಹೊಸಪೇಟೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಮಲಾಪುರ, ಬುಕ್ಕಸಾಗರ, ರಾಮಸಾಗರ ದಾಟಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬಾಳೆತೋಟ, ಕಬ್ಬು ನೋಡುತ್ತ ತೂಕಡಿಸುತ್ತ ಬರುವುದು. ಆಗಿನ್ನೂ ವಿಜಯನಗರ ಜಿಲ್ಲೆ ಆಗಿರಲಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲ ಬಳ್ಳಾರಿಯೇ. ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿಯ ಕಾಲ. ಅಪ್ಪ ಅವ್ವ ಇಬ್ಬರೂ ಗದ್ದೆಯಲ್ಲಿ, ಮಕ್ಕಳು ನಮ್ಮ ಪಾಲಿಗೆ.

ಬಿಸಿಯೂಟದ ಬಗ್ಗೆ ಎರಡು ಮಾತು ಹೇಳಬೇಕು, ನನ್ನ ಅಂಜಿಕೆಯ ಬೇರು ಅಲ್ಲಿದೆ. ಅಕ್ಷರ ದಾಸೋಹ ರಾಜ್ಯದಲ್ಲಿ ಶುರುವಾದದ್ದೇ 2002ರ ಜೂನ್‌ನಲ್ಲಿ, ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ, ಬಳ್ಳಾರಿಯೂ ಅದರಲ್ಲೊಂದು. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿ, ಅದರ ಮೇಲಿನವರಿಗೆ ನೂರೈವತ್ತು. ಬೆಳಿಗ್ಗೆ ನೂರೈವತ್ತು ಎಂಎಲ್ ಹಾಲು. ಎಲ್ಲದಕ್ಕೂ ಒಂದೊಂದು ಪುಸ್ತಕ. ಎಷ್ಟು ಮಕ್ಕಳು, ಎಷ್ಟು ಕೆಜಿ, ಯಾರು ರುಚಿ ನೋಡಿದರು, ಎಷ್ಟು ಗಂಟೆಗೆ ನೋಡಿದರು. 2013ರಲ್ಲಿ ಬಿಹಾರದಲ್ಲಿ ಶಾಲೆಯ ಊಟ ಉಂಡು 23 ಮಕ್ಕಳು ಸತ್ತ ಮೇಲಂತೂ ಗುರುತಿಲ್ಲದವರು ಅಡುಗೆಕೋಣೆಯ ಹತ್ತಿರ ಸುಳಿದರೂ ನನ್ನ ಎದೆ ಡವಗುಟ್ಟುತ್ತಿತ್ತು. ಆ ಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ‘ದಾಸೋಹ’ ಎಂದು ಬರೆಸಿದವನೂ ನಾನೇ. ದಾಸೋಹವೆಂದರೆ ಬಂದವರಿಗೆಲ್ಲ ಬಡಿಸುವುದು. ಆ ಮಾತಿಗೂ ನನ್ನ ಲೆಕ್ಕದ ಪುಸ್ತಕಕ್ಕೂ ಏನು ಸಂಬಂಧ ಎಂದು ಅಷ್ಟು ವರ್ಷ ಒಂದು ದಿನವೂ ನನಗೆ ಅನ್ನಿಸಿರಲಿಲ್ಲ.

ಇನ್ನೊಂದು ಅಂಜಿಕೆ ಆ ವರ್ಷದ್ದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋಗಳು ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತುತ್ತಿದ್ದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಹುಡುಗನನ್ನು ಕಟ್ಟಿ ಹೊಡೆದು ಕೊಂದಿದ್ದರು. ಜುಲೈ 13ಕ್ಕೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್. ಅವನೂ ಅವನ ಗೆಳೆಯರೂ ಮಾಡಿದ ತಪ್ಪೆಂದರೆ ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅದನ್ನು ಪೇಪರಿನಲ್ಲಿ ಓದಿ, ಸ್ಟಾಫ್ ರೂಮಿನಲ್ಲಿ ಲೊಚಗುಟ್ಟಿ, ‘ಜನ ಹೀಗ್ಯಾಕಾದರು’ ಎಂದು ಭಾಷಣ ಮಾಡಿದ್ದೆ. ಅದಾಗಿ ವಾರವೂ ತುಂಬಿರಲಿಲ್ಲ.

ಊಟದ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಕಿಟಕಿಯಿಂದ ನೋಡಿದರೆ ಕಾಂಪೌಂಡಿನ ಆಚೆ ಬೇವಿನ ಮರದ ಬುಡದಲ್ಲಿ ಒಬ್ಬ ಗಂಡಸು ಗೋಣು ಹಾಕಿ ಕೂತಿದ್ದಾನೆ. ಗಡ್ಡ ಬಿಟ್ಟಿದ್ದ. ಬಗಲಲ್ಲಿ ಒಂದು ಚೀಲ. ಕಾಂಪೌಂಡಿನಲ್ಲಿ ಒಂದು ಕಡೆ ಕಲ್ಲು ಬಿದ್ದು ಸಂದಿಯಾಗಿತ್ತು. ಅದರೊಳಗಿಂದ ನಮ್ಮ ಮಕ್ಕಳು, ಎಣಿಸಿದೆ, ಏಳು ಮಂದಿ, ಸಾಲಾಗಿ ಆಚೆ ಹೋಗುತ್ತಿದ್ದಾರೆ. ಮುಂದೆ ಐದನೇ ತರಗತಿಯ ಎರಡು ಜಡೆಯ ಹುಡುಗಿ, ಕೈಯಲ್ಲಿ ತಟ್ಟೆ. ಹಿಂದೆ ನಾಲ್ಕನೆಯ ತರಗತಿಯ ಒಬ್ಬ ಪೋರ ನೀರಿನ ಲೋಟ ಹಿಡಿದು, ಚೆಲ್ಲದ ಹಾಗೆ ನಾಲಿಗೆ ಕಚ್ಚಿಕೊಂಡು ನಡೆಯುತ್ತಿದ್ದ.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ತಟ್ಟೆಯಲ್ಲಿದ್ದದ್ದು ಏಳು ಹಿಡಿ ಅನ್ನ. ಏಳು ಮಂದಿ ತಮ್ಮ ತಮ್ಮ ತಟ್ಟೆಯಿಂದ ಒಂದೊಂದು ಹಿಡಿ ತೆಗೆದು ಕೂಡಿಸಿದ್ದರು. ಅಡುಗೆಯಮ್ಮನನ್ನು ಕೇಳಿದ್ದರೆ ಇನ್ನೊಂದು ಸೌಟು ಹಾಕುತ್ತಿದ್ದಳು. ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ ಆ ಪೋರ ಹೇಳಿದ್ದು: “ಕೇಳಿದ್ರ ಯಾರಿಗೆ ಅಂತಾರ್ರಿ.” ಬೆಳಿಗ್ಗೆ ಆ ಹುಡುಗಿಯ ಹಾಲೂ ಅರ್ಧ ಅಲ್ಲಿಗೇ ಹೋಗಿತ್ತಂತೆ. ನನ್ನ ಪುಸ್ತಕದಲ್ಲಿ ಒಂದು ಕಾಳಿನ ಲೆಕ್ಕವೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಬೈಕ್ ನಿಂತಿತು. ಊರಿನ ಇಬ್ಬರು ಹುಡುಗರು, ನನ್ನ ಹಳೆಯ ವಿದ್ಯಾರ್ಥಿಗಳೇ. ನಾನು ವರಾಂಡಕ್ಕೆ ಬಂದೆ.

“ಯಾರ್ರೀ ಸಾರ್ ಅವ? ಹೊಸಬ ಇದ್ದಂಗದಾನ.”

“ಗೊತ್ತಿಲ್ಲಪ. ಹುಡುಗ್ರ ಹತ್ರ ಬಂದು ಕುಂತಾನ.”

ಇದೇ ಆ ವಾಕ್ಯ.

ನಾನು ಕಣ್ಣಾರೆ ಕಂಡದ್ದು ಬೇರೆ. ಅವನು ಮರದ ಕೆಳಗೆ ಕೂತಿದ್ದ, ಹುಡುಗರು ಅವನ ಹತ್ತಿರ ಹೋದರು. ನಾನು ಹೇಳಿದ್ದು, ಅವನು ಹುಡುಗರ ಹತ್ತಿರ ಬಂದ. ಪದಗಳು ಅವೇ; ಯಾರು ಯಾರ ಹತ್ತಿರ ಹೋದರು ಎಂಬುದಷ್ಟೇ ಬದಲು. ಬಾಯಿ ತಪ್ಪಿ ಬಂದದ್ದು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಮಕ್ಕಳು ಹೋದರು ಎಂದಿದ್ದರೆ ಮುಂದಿನ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು: ನೀವೇನ್ ಮಾಡಾಕತ್ತಿದ್ರಿ ಸಾರ್? ಅವನು ಬಂದ ಎಂದರೆ ಪ್ರಶ್ನೆ ಅವನ ಕಡೆ ಹೋಗುತ್ತದೆ. ನನ್ನನ್ನು ಕಾಪಾಡಿಕೊಳ್ಳಲು ನಾಲಿಗೆಗೆ ಅರೆಕ್ಷಣ ಸಾಕಾಯಿತು. ವ್ಯಾಕರಣ ಗೊತ್ತಿದ್ದವನ ನಾಲಿಗೆ ನೋಡಿ, ಚುರುಕಾಗಿತ್ತು.

ಬೈಕಿನ ಹುಡುಗರು ಫೋನ್ ತೆಗೆದರು. ಹದಿನೈದು ನಿಮಿಷದಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ. ಗದ್ದೆಯಿಂದ ಕೆಸರು ಕಾಲಲ್ಲೇ ಓಡಿ ಬಂದವರೂ ಇದ್ದರು. ಅವರನ್ನು ನಾನು ಬೈಯಲಾರೆ. ಅವರವರ ಮಕ್ಕಳು ಒಳಗಿದ್ದರು. ಚೀಲ ಸುರುವಿದರು. ಒಂದು ಹೊದಿಕೆ, ಬಾಚಣಿಗೆ, ಜೀವವಿಲ್ಲದ ಮೊಬೈಲ್, ಮಾತ್ರೆಯ ಖಾಲಿ ಪಟ್ಟಿ. ಮತ್ತೆ ಅರ್ಧ ಪೊಟ್ಟಣ ಪಾರ್ಲೆ-ಜಿ. “ನೋಡ್ರಿ, ಬಿಸ್ಕೀಟ್ ಇಟ್ಕಂಡಾನ, ಇದನ್ನ ತೋರ್ಸೇ ಕರೀತಾರ” ಎಂದು ಯಾರೋ ಕೂಗಿದರು. ಮೊದಲ ಏಟು ಆಗ ಬಿತ್ತು.

ಆ ಬಿಸ್ಕತ್ತು ನಾಲ್ಕನೇ ತರಗತಿಯ ಪೋರನದು. ಅವನೇ ಬೆಳಿಗ್ಗೆ ಕೊಟ್ಟದ್ದು. “ಅದು ನಂದು, ಅದು ನಂದು” ಎಂದು ಜನರ ಕಾಲುಗಳ ನಡುವಿನಿಂದ ಅವನು ಒದರುತ್ತಲೇ ಇದ್ದ. ದೊಡ್ಡವರ ಗದ್ದಲದಲ್ಲಿ ಯಾರಿಗೆ ಕೇಳಬೇಕು? ನನಗೆ ಕೇಳಿಸಿತು. ನಾನು ಗೇಟಿನ ಈಚೆಯೇ ನಿಂತಿದ್ದೆ, ಕಂಪ್ಲಿ ಠಾಣೆಗೆ ಫೋನ್ ಮಾಡುತ್ತಿದ್ದೆ. ಅದೊಂದನ್ನು ಮಾಡಿದೆ ಎನ್ನುವುದನ್ನು ನನ್ನ ಪರವಾಗಿ ಬರೆದುಕೊಳ್ಳಬಹುದು. ಆದರೆ ಅಲ್ಲಿ ಬೇಕಾಗಿದ್ದದ್ದು ಒಂದೇ ಮಾತು: ಮಕ್ಕಳೇ ಅವನ ಹತ್ರ ಹೋಗಿದ್ದು, ನಾನು ನೋಡೀನಿ. ಮೇಷ್ಟ್ರ ಮಾತಿಗೆ ಆ ಊರಿನಲ್ಲಿ ಬೆಲೆ ಇತ್ತು. ಆಡಲಿಲ್ಲ.

ಆಡಿದವಳು ಅಡುಗೆಯಮ್ಮ. ಸೌಟು ಕೈಯಲ್ಲೇ ಇತ್ತು. ಜನರನ್ನು ಮೊಣಕೈಯಲ್ಲಿ ಸರಿಸಿ ಒಳಗೆ ನುಗ್ಗಿ ಅವನ ಮುಂದೆ ನಿಂತಳು. “ನನ್ನ ಕೈ ಅನ್ನ ಉಂಡಾನ. ಉಂಡವ್ನ ಮೈ ಮುಟ್ಟಬ್ಯಾಡ್ರಿ, ಶಾಪ ತಟ್ಟತೈತಿ ನಿಮ್ಗ.” ಅವಳಿಗೂ ಅವನು ಯಾರೆಂದು ಗೊತ್ತಿರಲಿಲ್ಲ. ತಟ್ಟೆ ನಮ್ಮದು, ಅನ್ನ ತನ್ನದು, ಅವಳಿಗೆ ಅಷ್ಟು ಸಾಕಾಗಿತ್ತು. ಆ ಹುಡುಗಿ ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತಳು. ಎತ್ತಿದ ಕೈಗಳು ಕೆಳಗಿಳಿಯಲಿಲ್ಲ, ಆದರೆ ಮುಂದಕ್ಕೂ ಬರಲಿಲ್ಲ. ಕಾನ್‌ಸ್ಟೆಬಲ್ ಬರುವ ತನಕ ಹಾಗೇ ಇತ್ತು.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದಾಗ ನಮ್ಮ ಸ್ಟೀಲ್ ಲೋಟ ಅವನ ಕೈಯಲ್ಲೇ ಉಳಿದಿತ್ತು. ಬಿಡಿಸಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ತಿಂಗಳ ಕೊನೆಗೆ ಸ್ಟಾಕ್ ಪುಸ್ತಕದಲ್ಲಿ ‘ಲೋಟ 1, ಕಳೆದಿದೆ’ ಎಂದು ಬರೆದು ಸಹಿ ಹಾಕಿದೆ.

ಎರಡು ದಿನ ಬಿಟ್ಟು ಕಾನ್‌ಸ್ಟೆಬಲ್ ಸಿಕ್ಕಿ ಹೇಳಿದರು. ಸಂಡೂರು ಕಡೆ ಅದಿರು ಲಾರಿಯಲ್ಲಿ ಕ್ಲೀನರ್ ಅವನು, ಜಾರ್ಖಂಡಿನವ. ಜ್ವರ ಬಂದು ಏಳಲಾಗದೆ ಬಿದ್ದಿದ್ದಾಗ ಡ್ರೈವರ್ ತೋರಣಗಲ್ಲಿನಲ್ಲಿ ಇಳಿಸಿ ಹೋಗಿದ್ದಾನೆ. ಹೊಸಪೇಟೆ ಸ್ಟೇಷನ್ನಿಗೆ ದಾರಿ ಕೇಳಿದ್ದು ಇವನು, ತೋರಿಸಿದವರಿಗೆ ಅರ್ಥವಾದದ್ದು ಇನ್ನೇನೋ. ದರೋಜಿ ಮೇಲೆ ನಡೆದು ನಮ್ಮ ಊರಿಗೆ ಬಂದು ಮುಟ್ಟಿದ್ದಾನೆ. ಮಾತ್ರೆ ಕೊಡಿಸಿ ಬಸ್ಸು ಹತ್ತಿಸಿದೆ ಎಂದರು.

ಈ ಸುದ್ದಿಯನ್ನು ಹುಡುಗಿಗೆ ಹೇಳಿದೆ, ದೊಡ್ಡ ರಹಸ್ಯ ಬಿಚ್ಚುವವನ ಹಾಗೆ. ಅವಳು ಅಂದಳು: “ಗೊತ್ತಿತ್ರಿ ಸಾರ್. ಅವ್ನ ಅಂಗಿ ಕೆಂಪಗಿತ್ತಲ್ರಿ. ನಮ್ಮ ಮಾವಂದೂ ಹಂಗಾ ಇರತೈತಿ, ಎಷ್ಟ್ ತೊಳದ್ರೂ ಹೋಗಂಗಿಲ್ಲ.” ಅವಳ ಸೋದರಮಾವ ಸಂಡೂರಿನಲ್ಲಿ ಲಾರಿ ಹೊಡೆಯುತ್ತಿದ್ದ. ಅದಿರಿನ ಕೆಂಪು ಧೂಳು ನನಗೇನು ಹೊಸದೇ? ಹೊಸಪೇಟೆಯಲ್ಲಿ ಲಾರಿಗಳ ಸಾಲು ಬೆಳಗಿನ ತನಕ ಓಡುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಕಿಟಕಿಗೆ ಹಾಕಿದ ಪರದೆಗಳೂ ಕೆಂಪೇ. ಆ ಅಂಗಿಯನ್ನು ನಾನೂ ನೋಡಿದ್ದೆ. ನನ್ನ ಕಣ್ಣಿಗೆ ಕಂಡದ್ದು ಕೊಳೆ.

ಮಕ್ಕಳ ಕರುಣೆಗೆ ಹಿಂದುಮುಂದಿಲ್ಲ, ಅದಕ್ಕೇ ಅದು ಅಪಾಯ ಎನ್ನುತ್ತೇವೆ. ನಾನೂ ಹೆಣ್ಣುಮಕ್ಕಳ ತಂದೆ, ಎಚ್ಚರ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಅವರನ್ನು ಒಬ್ಬೊಬ್ಬರನ್ನೇ ಕೇಳಿ ನೋಡಿದಾಗ ತಿಳಿದದ್ದು ಬೇರೆ. ಹಾಡಹಗಲು ಹೋಗಿದ್ದರು, ಒಬ್ಬರೇ ಹೋಗಿರಲಿಲ್ಲ. ತಟ್ಟೆ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತಿದ್ದರು. ಅವನ ಕೈ ನಡುಗುವುದನ್ನು ನೋಡಿ, ಸಾರು ಚೆಲ್ಲೀತೆಂದು ಅನ್ನಕ್ಕೆ ಮೊದಲೇ ಕಲಸಿ ತಂದಿದ್ದರು. ಬೆಳಿಗ್ಗೆಯಿಂದ ಮೂರು ಸಲ ಸಂದಿಯಿಂದ ಇಣುಕಿ ಅವನನ್ನು ಓದಿಕೊಂಡಿದ್ದರು. ನಾನು ಒಂದು ಸಲ ನೋಡಿ ತೀರ್ಪು ಕೊಟ್ಟಿದ್ದೆ.

ಇಷ್ಟು ತಿಳಿದ ಮೇಲೆ ನಾನೇನು ಮಾಡಿದೆ? ಸೋಮವಾರದ ಪ್ರಾರ್ಥನೆಯಲ್ಲಿ ಅಪರಿಚಿತರ ಹತ್ತಿರ ಹೋಗಬಾರದು ಎಂದು ಅರ್ಧ ಗಂಟೆ ಮಾತಾಡಿದೆ. ಏಳು ಮಂದಿಯನ್ನೂ ಮುಂದೆ ನಿಲ್ಲಿಸಿ ‘ಇನ್ನು ಹೋಗೋದಿಲ್ಲ’ ಎಂದು ಹೇಳಿಸಿದೆ. ಕಾಂಪೌಂಡಿನ ಸಂದಿಗೆ ಸಿಮೆಂಟ್ ಹಾಕಿಸಿದೆ. ಎರಡು ವರ್ಷದಿಂದ ರಿಪೇರಿಗೆ ಸಿಗದ ದುಡ್ಡು ಆ ವಾರ ಸಿಕ್ಕಿತು.

ಮರುವರ್ಷ, 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ನೆರೆ ಬಂತು. ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಒಬ್ಬ ಶಾಲಾ ಬಾಲಕ ನೀರಿನಲ್ಲಿ ಮುಳುಗಿದ ಸೇತುವೆಯ ಮೇಲೆ ತಾನು ಮುಂದೆ ಮುಂದೆ ಓಡಿ, ಶವ ಹೊತ್ತಿದ್ದ ಆಂಬುಲೆನ್ಸಿಗೆ ದಾರಿ ತೋರಿಸಿದ. ಗಾಡಿಯಲ್ಲಿದ್ದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆ ಹುಡುಗನಿಗೆ ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಆ ಸುದ್ದಿಯನ್ನು ಪ್ರಾರ್ಥನೆಯಲ್ಲಿ ನಾನೇ ಓದಿ ಚಪ್ಪಾಳೆ ಹೊಡೆಸಿದೆ. ಆರನೇ ತರಗತಿಯ ಸಾಲಿನಲ್ಲಿ ಎರಡು ಜಡೆ ಕಾಣಿಸಿತು. ಪೇಪರಿನಿಂದ ತಲೆ ಎತ್ತದೆ ಓದಿ ಮುಗಿಸಿದೆ.

ಆದರೆ ನನ್ನನ್ನು ಇಂದಿಗೂ ಬಿಡದಿರುವುದು ಅದಕ್ಕಿಂತ ಮೊದಲಿನದು, 2018ರ ಡಿಸೆಂಬರಿನದು. ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಹತ್ತಿರದ ಊರೇ ಆದರೂ ಬಹಳ ಮಕ್ಕಳು ಜಾತ್ರೆಗೆ ಬಂದು ವಿರೂಪಾಕ್ಷನ ಗುಡಿ ನೋಡಿದ್ದು ಬಿಟ್ಟರೆ ವಿಜಯವಿಠ್ಠಲನ ಕಡೆ ಬಂದವರಲ್ಲ. ಒಬ್ಬ ಹುಡುಗ ಹೊಸ ಐವತ್ತು ರೂಪಾಯಿಯ ನೋಟು ತಂದಿದ್ದ. ಅದರ ಹಿಂದಿರುವ ಕಲ್ಲಿನ ರಥವನ್ನೂ ಎದುರಿಗಿದ್ದ ರಥವನ್ನೂ ಒಂದು ಕಣ್ಣು ಮುಚ್ಚಿ ಹೊಂದಿಸಿ ನೋಡುವುದಕ್ಕೆ ಸರದಿ ನಿಂತಿದ್ದರು. ಅಲ್ಲಿಂದ ಹೊಳೆಯ ದಡಕ್ಕೆ ಇಳಿದು ಪುರಂದರ ಮಂಟಪದಲ್ಲಿ ಕೂತೆವು. ನೀರು ಇಳಿದಿತ್ತು. ನಾನು ಮೂಗುತಿಯ ಕತೆ ಹೇಳಿದೆ. ಶ್ರೀನಿವಾಸ ನಾಯಕನೆಂಬ ಜಿಪುಣ ಸಾಹುಕಾರ, ಮಗನ ಮುಂಜಿಗೆಂದು ಬೇಡಲು ಬಂದ ಬಡವ, ಯಾರೆಂದು ಕೇಳದೆ ಮೂಗುತಿ ಬಿಚ್ಚಿ ಕೊಟ್ಟ ಹೆಂಡತಿ ಸರಸ್ವತಿ. ಆಮೇಲೆ ಸಾಹುಕಾರ ಎಲ್ಲ ಬಿಟ್ಟು ಪುರಂದರದಾಸನಾದ. ನಡುವಿನದನ್ನು, ಮಕ್ಕಳಿಗೆ ಯಾಕೆಂದು, ಹಾರಿಸಿದ್ದೆ.

ಹುಡುಗಿ ಕೈ ಎತ್ತಿದಳು.

“ಸಾರ್, ಆಕಿ ವಿಷ ಕುಡಿಯಾಕ ಹೋಗಿದ್ಲಂತ, ಗಂಡ ಮೂಗ್ತಿ ಎಲ್ಲಿ ಅಂದಿದ್ಕ. ನಮ್ಮಜ್ಜಿ ಹೇಳ್ಯಾಳ.”

“ಹೌದು. ಬಟ್ಟಲಲ್ಲಿ ಮೂಗುತಿ ಬಿತ್ತು, ದೇವರು ಕಾಪಾಡಿದ.”

“ಅದಲ್ರಿ ಸಾರ್. ಕೊಟ್ಟಾಕಿ ಯಾಕ್ ವಿಷ ಕುಡೀಬೇಕ್ರಿ?”

ಅಡುಗೆಯಮ್ಮನೂ ಬಂದಿದ್ದಳು, ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಎದ್ದು ಧೋತರ ಕೊಡವಿಕೊಂಡೆ. “ಹೊತ್ತಾತು, ಬಸ್ಸು ಹೋಗಿಬಿಡತೈತಿ, ನಡೀರಿ ನಡೀರಿ, ಉಣ್ಣೋದು ಅಲ್ಲೇ ಉಂಡ್ರಾತು” ಎಂದೆ.

ಬಸ್ಸು ನಾವೇ ಬಾಡಿಗೆಗೆ ಗೊತ್ತು ಮಾಡಿಕೊಂಡು ಬಂದದ್ದು. ನಾವು ಹತ್ತದೆ ಅದು ಎಲ್ಲಿಗೂ ಹೋಗುವಂತಿರಲಿಲ್ಲ.